ನರ್ಸಮ್ಮನ ಸೈಕಲ್ಲಿಗೆ ನಲವತ್ತೆರಡು ಹಲ್ಲು

ಬೀದಿಯವರು ಅವನನ್ನು ಹಲ್ಲಿನ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅವನು ಸೈಕಲ್ ರಿಪೇರಿಯವ. ಹತ್ತಡಿ ಉದ್ದ, ಎಂಟಡಿ ಅಗಲದ ಅಂಗಡಿ. ಸೈಕಲ್ ಒಳಗೆ ತಳ್ಳಿಕೊಂಡು ಹೋದರೆ ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಹೊರಬರಬೇಕು. ಗೋಡೆಯ ಮೊಳೆಗಳಿಗೆ ನೇತುಬಿದ್ದ ಚೈನುಗಳು, ಎಣ್ಣೆ ಕುಡಿದು ಕಪ್ಪಾದ ಬೆಂಚು, ಬಾಗಿಲ ಬಳಿ ಸೈಕಲ್ ಎತ್ತಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು. ಇಷ್ಟೇ ಆಸ್ಪತ್ರೆ.

ಯಾವ ಗೇರ್ ಸೈಕಲ್ ಬಂದರೂ ಮೊದಲು ಹಲ್ಲು ಎಣಿಸುತ್ತಿದ್ದ. ಹಿಂದಿನ ಗಾಲಿಯ ನಡುವಿಗೆ ಚಿಕ್ಕದರಿಂದ ದೊಡ್ಡದರವರೆಗೆ ಹಲ್ಲುಚಕ್ರಗಳ ಗೊಂಚಲೊಂದು ಇರುತ್ತದಲ್ಲ, ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ; ಅದರಲ್ಲಿ ಚಕ್ರ ದೊಡ್ಡದಾದಷ್ಟೂ ಏರು ಹತ್ತುವುದು ಹಗುರ. ಅದರ ದೊಡ್ಡ ಚಕ್ರದ ಮೇಲೆ ಉಗುರು ಇಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಗಾಲಿ ತಿರುಗಿಸುತ್ತಿದ್ದ. ಲೆಕ್ಕವನ್ನು ಕಂಪನಿಯವರೇ ಚಕ್ರದ ಮೇಲೆ ಕೊರೆದಿರುತ್ತಾರೆ. ಅದನ್ನು ಯಾರಾದರೂ ತೋರಿಸಿದರೆ, "ಬರೆದಿದ್ದೆಲ್ಲ ನಿಜ ಆಗಿದ್ರೆ ನಾವ್ಯಾಕೆ ಹಿಂಗಿರ್ತಿದ್ವಿ" ಎನ್ನುತ್ತಿದ್ದ.

ಆಮೇಲೆ ಡಿರೇಲರ್ ಕಡೆ ನೋಡುತ್ತಿದ್ದ. ಹಿಂಗಾಲಿಯ ಪಕ್ಕದಲ್ಲಿ ಮುರಿದ ಮೊಣಕೈಯಂತೆ ಜೋತುಬಿದ್ದಿರುವ ಸಾಮಾನು ಅದು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು, ಸಡಿಲಾದ ಚೈನನ್ನು ಎಳೆದು ಹಿಡಿಯುವುದು, ಎರಡೂ ಅದರದೇ ಚಾಕರಿ. ಅದಕ್ಕೂ ಒಂದು ತಾಕತ್ತು ಅಂತಿದೆ. ಇಷ್ಟು ಹಲ್ಲಿನವರೆಗೆ ಚಾಚುತ್ತೇನೆ, ಇಷ್ಟು ಸಡಿಲು ನುಂಗುತ್ತೇನೆ ಎಂದು ಹುಟ್ಟುವಾಗಲೇ ಹೇಳಿಕೊಂಡು ಬಂದಿರುತ್ತದೆ. ಕೇಳಿಸಿಕೊಳ್ಳುವವರು ಕಡಿಮೆ.

ಒಂದು ದಿನ ಬ್ಯಾಂಕಿನ ಮ್ಯಾನೇಜರೊಬ್ಬರು ಫಳಫಳ ಹೊಳೆಯುವ ಕ್ಯಾಸೆಟ್ ಹಿಡಿದುಕೊಂಡು ಬಂದರು. ವಾರವೆಲ್ಲ ಕುರ್ಚಿಯಲ್ಲಿ ಕೂತು, ರಜೆಯ ದಿನ ಬೆಟ್ಟ ಹತ್ತುವ ಪೈಕಿ.

"ಡಾಕ್ಟ್ರೇ, ಇದನ್ನ ಕೂರಿಸಿಕೊಡಿ. ಐವತ್ತು ಹಲ್ಲು. ಗೋಡೆ ಬೇಕಾದ್ರೂ ಹತ್ತಬಹುದಂತೆ."

"ಗೋಡೆ ಹತ್ತೋದು ಹಲ್ಲಿ ಕೆಲಸ ಸಾರ್, ನಿಮಗ್ಯಾಕೆ? ನಿಮ್ಮ ಡಿರೇಲರ್ ಮೂವತ್ತಾರು ಹಲ್ಲಿಗೆ ಮಾಡಿದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚಿ."

"ಒಂದು ಸ್ಕ್ರೂ ತಿರುಗಿಸಿದ್ರೆ ಆಗುತ್ತೆ ಅಂತ ನೆಟ್‌ನಲ್ಲಿ ನೋಡಿದೆ."

"ನೆಟ್‌ನವನು ನಿಮ್ಮ ಜೊತೆ ಬೆಟ್ಟಕ್ಕೆ ಬರ್ತಾನಾ?"

ಮ್ಯಾನೇಜರು ನಗುತ್ತ, ಸರಿಯಾದ ಡಿರೇಲರ್ ಸಿಗುವವರೆಗೆ ಕಾಯಲು ಒಪ್ಪಿಕೊಂಡು ಹೋದರು. ಹಾಗೆ ಎಷ್ಟು ಮಂದಿಯನ್ನು ವಾಪಸ್ ಕಳಿಸಿದ್ದನೋ. ಚೈನಿನ ವಿಷಯದಲ್ಲಂತೂ ಅವನದು ಒಂದೇ ಮಂತ್ರ: ಉದ್ದ ಚೈನು ಬಡಬಡಿಸುತ್ತೆ, ಗಿಡ್ಡ ಚೈನು ಕೊಲ್ಲುತ್ತೆ. ಸೈಕಲ್ ಯಾವ ಗೇರಿನಲ್ಲಿ ಬಂದಿತ್ತೋ ಅದೇ ಗೇರಿಗೆ ಹಾಕಿ ವಾಪಸ್ ಕೊಡುವುದು ಅವನ ಇನ್ನೊಂದು ಪದ್ಧತಿ. "ಕಾಲಿಗೆ ಗುರುತು ತಪ್ಪಬಾರದು" ಎನ್ನುತ್ತಿದ್ದ.

ಮನೆಯಲ್ಲಿ ಇದ್ದವರು ಇಬ್ಬರು, ಅವನು ಮತ್ತು ಅವನ ಅಕ್ಕ. ಅವನಿಗಿಂತ ಎಂಟು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು. ಅಕ್ಕ ನೂಲಿನ ಗಿರಣಿ ಸೇರಿ ಅವನನ್ನು ಸಾಕಿದಳು. ಗಿರಣಿ ಮುಚ್ಚಿದ ಮೇಲೆ ಹೆರಿಗೆ ಮಾಡಿಸುವ ತರಬೇತಿ ಪಡೆದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಆದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ನನಗೆ ಪುರುಸೊತ್ತಾಗ್ಲಿಲ್ಲ, ಇವನನ್ನ ಯಾರೂ ಒಪ್ಪಲಿಲ್ಲ" ಎಂದು ಒಂದೇ ಉಸಿರಿಗೆ ಇಬ್ಬರ ಲೆಕ್ಕವನ್ನೂ ಮುಗಿಸುತ್ತಿದ್ದಳು.

ಅಕ್ಕನ ಪಾಲಿಗೆ ಬಂದಿದ್ದು ಬೆಟ್ಟದ ಮೇಲಿನ ಕಲ್ಲು ಒಡೆಯುವವರ ಶೆಡ್ಡುಗಳು. ಲಾರಿಗಳು ಬೆಟ್ಟದ ಆಚೆ ಬದಿಯಿಂದ ಓಡಾಡುತ್ತಿದ್ದವು. ಈಚೆ ಬದಿಯಲ್ಲಿದ್ದದ್ದು ಜಲ್ಲಿ ಕಿತ್ತು ಹೋದ ಏಳು ಕಿಲೋಮೀಟರಿನ ಏರುದಾರಿ. ಆರೋಗ್ಯ ಕೇಂದ್ರಕ್ಕೆ ಒಂದು ಜೀಪು ಇತ್ತು. ಅದು ಗಾಲಿ ಕಳಚಿಕೊಂಡು ಇಟ್ಟಿಗೆಗಳ ಮೇಲೆ ನಿಂತು ನಾಲ್ಕು ವರ್ಷ ಆಗಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಅಕ್ಕ ಹನ್ನೊಂದು ಅರ್ಜಿ ಕೊಟ್ಟು, ಹನ್ನೆರಡನೆಯದನ್ನು ಕೋಳಿಗೇ ಕೊಡಬೇಕು ಎಂದು ಬಿಟ್ಟುಬಿಟ್ಟಿದ್ದಳು.

ಜೀಪು ಕೂತ ಕಾಲ ಬರುವ ಮೊದಲೇ, ಆರು ವರ್ಷದ ಹಿಂದೆ, ತಮ್ಮ ಅವಳಿಗೊಂದು ಬೆಟ್ಟದ ಸೈಕಲ್ ಕಟ್ಟಿಕೊಟ್ಟಿದ್ದ. ಅರ್ಧ ವರ್ಷ ಅಲ್ಲಿಂದೊಂದು ಇಲ್ಲಿಂದೊಂದು ಸಾಮಾನು ಕೂಡಿಸಿ ಕಟ್ಟಿದ ಸೈಕಲ್. ಮುಂದೆ ಪೆಡಲಿನ ಹತ್ತಿರ ಎರಡು ಚಕ್ರ: ಸಮದಾರಿಗೆ ಮೂವತ್ತಾರು ಹಲ್ಲಿನದು, ಏರಿಗೆ ಇಪ್ಪತ್ತೆರಡರದು. ಹಿಂದೆ ಹನ್ನೊಂದರಿಂದ ಮೂವತ್ತಾರರವರೆಗಿನ ಕ್ಯಾಸೆಟ್. ಅದಕ್ಕೆ ತಕ್ಕ ಡಿರೇಲರ್, ತಕ್ಕ ಚೈನು. ಮುಂದಿನ ಚಕ್ರ ಬದಲಿಸಲು ಎಡಗೈ ಲಿವರ್, ಹಿಂದಿನದಕ್ಕೆ ಬಲಗೈ ಲಿವರ್. ಎಲ್ಲ ಲೆಕ್ಕಾಚಾರ ಸರಿಯಿತ್ತು. ಅಕ್ಕ ಔಷಧದ ಚೀಲ ಹಿಂದೆ ಕಟ್ಟಿಕೊಂಡು ಹೊರಟರೆ ದಾರಿಯ ಹೆಂಗಸರು, "ನರ್ಸಮ್ಮನ ವಿಮಾನ ಹೊರಟಿತು, ಯಾರಿಗೋ ನೋವು ಬಂದಿದೆ" ಎನ್ನುತ್ತಿದ್ದರು.

ಐವತ್ತೆಂಟಕ್ಕೆ ಅಕ್ಕನ ಮೊಣಕಾಲು ಕೈಕೊಟ್ಟಿತು. ಒಂದು ಸಂಜೆ ಹೊಸ್ತಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತ ಹೇಳಿದಳು:

"ಲೋ, ಕೊನೇ ತಿರುವು ಹತ್ತೋವಾಗ ಜೀವ ಬಾಯಿಗೆ ಬರುತ್ತೆ. ಇನ್ನೊಂದು ಹಗುರ ಗೇರು ಹಾಕಿಕೊಡೋ. ಇನ್ನೆರಡು ವರ್ಷ ತಾನೆ ನನ್ನ ನೌಕರಿ."

"ಹಾಕೋಣ ಬಿಡಕ್ಕ. ನಲವತ್ತೆರಡು ಹಲ್ಲಿಂದು ಒಂದಿದೆ."

"ಹಾಕು. ಆದ್ರೆ ಚೈನು ಮಾತ್ರ ಕಳಚಬಾರದು. ಹೋದ ವರ್ಷ ಕಳಚಿತ್ತಲ್ಲ, ಮಸಿ ಕೈಯಲ್ಲಿ ಹೋಗಿ ನಿಂತೆ. ತೊಳೆದೇ ತೊಳೆದೆ, ಉಗುರಸಂದಿಯಿಂದ ಹೋಗ್ಲೇ ಇಲ್ಲ. ಗ್ಯಾರೇಜಿಂದ ಬಂದವಳ ಹಂಗೆ ಮಗು ಹಿಡಿಯೋಕಾಗಲ್ಲ ಕಣೋ."

ನಲವತ್ತೆರಡಕ್ಕೆ ತಕ್ಕ ಡಿರೇಲರ್ ತರಿಸಲು ತಮ್ಮ ಹೇಳಿಕಳಿಸಿದ. ವಾರವಾಯಿತು, ಎರಡು ವಾರವಾಯಿತು, ಬರಲಿಲ್ಲ. ಅಕ್ಕ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದನ್ನು ಎರಡು ವಾರ ನೋಡಿದ. ಮೂರನೆಯ ವಾರ ಅವನಿಂದ ತಡೆಯಲಾಗಲಿಲ್ಲ. ಮ್ಯಾನೇಜರಿಗೆ ಬೇಡವೆಂದದ್ದನ್ನು ಅಕ್ಕನಿಗೆ ಮಾಡಿದ. ಹಳೆಯ ಡಿರೇಲರ್ ಹಾಗೇ ಬಿಟ್ಟು ಹೊಸ ಕ್ಯಾಸೆಟ್ ಕೂರಿಸಿದ. ಡಿರೇಲರಿನ ಹಿಂದಿನ ಸ್ಕ್ರೂ ಬಿಚ್ಚಿ ಉಲ್ಟಾ ಹಾಕಿ, ಅದನ್ನು ಎಷ್ಟು ಹಿಂದಕ್ಕೆ ತಳ್ಳಬಹುದೋ ಅಷ್ಟು ತಳ್ಳಿದ. ನಲವತ್ತೆರಡರ ಹಲ್ಲಿಗೂ ಅದಕ್ಕೂ ನಡುವೆ ಒಂದು ಕಾಗದ ತೂರುವಷ್ಟು ಸಂದಿ ಉಳಿಯಿತು.

ಉಳಿದದ್ದು ಚೈನು. ನಾಲ್ಕು ಕೊಂಡಿ ಸೇರಿಸಿ ಉದ್ದ ಮಾಡಿದರೆ ಯಾವ ಗೇರಿಗೆ ಹಾಕಿದರೂ ಮುರಿಯುವುದಿಲ್ಲ. ಆದರೆ ಹಳೆಯ ಡಿರೇಲರಿಗೆ ಅಷ್ಟು ಸಡಿಲು ನುಂಗುವ ತಾಕತ್ತಿಲ್ಲ, ಚೈನು ಜೋತುಬೀಳುತ್ತದೆ, ಕಲ್ಲುದಾರಿಯಲ್ಲಿ ಕಳಚಲೂಬಹುದು. ಹಳೆಯ ಚೈನೇ ಇಟ್ಟರೆ ಕಳಚುವುದಿಲ್ಲ. ಆದರೆ ಮುಂದೆ ದೊಡ್ಡ ಚಕ್ರ, ಹಿಂದೆಯೂ ದೊಡ್ಡ ಚಕ್ರ ಒಟ್ಟಿಗೆ ಬಿದ್ದರೆ ಚೈನು ಸಾಲದೆ ಬಿಗಿದುಕೊಂಡು ಡಿರೇಲರನ್ನೇ ಕಿತ್ತುಹಾಕುತ್ತದೆ. ಅಕ್ಕನ ಮಸಿ ಕೈ ನೆನಪಾಯಿತು. ಏರಿನಲ್ಲಿ ಮುಂದೆ ದೊಡ್ಡ ಚಕ್ರ ಇಟ್ಟುಕೊಂಡು ಯಾರು ಹತ್ತುತ್ತಾರೆ ಎಂದುಕೊಂಡ. ಗಿಡ್ಡ ಚೈನನ್ನೇ ಇಟ್ಟ.

ಮುಂದಿನ ಚಿಕ್ಕ ಚಕ್ರದಲ್ಲಿ ತಿರುಗಿಸಿ ನೋಡಿದ, ಬೆಣ್ಣೆಯ ಹಾಗೆ ಓಡಿತು. ಒರೆಸುವಾಗ ಆ ಚಿಕ್ಕ ಚಕ್ರದ ಹಲ್ಲುಗಳ ಮೇಲೆ ಕಂಪನಿಯ ಕಪ್ಪು ಬಣ್ಣ ಇನ್ನೂ ಹಾಗೇ ಇರುವುದು ಕಂಡಿತು. ಸದ್ಯ, ಇದೊಂದು ಬದಲಿಸುವ ಕೆಲಸ ತಪ್ಪಿತು ಎಂದು ಖುಷಿಪಟ್ಟ. ಕೊನೆಗೆ, ಬಂದ ಗೇರಿನಲ್ಲೇ ವಾಪಸ್ ಕೊಡುವ ತನ್ನ ಪದ್ಧತಿಯಂತೆ, ಮುಂದೆ ಚೈನನ್ನು ದೊಡ್ಡ ಚಕ್ರಕ್ಕೆ ಏರಿಸಿದ.

ಮಾರನೆಯ ಬೆಳಿಗ್ಗೆ ಅಕ್ಕ ಚೀಲಕ್ಕೆ ಹತ್ತಿ, ಕತ್ತರಿ ತುಂಬಿಕೊಳ್ಳುತ್ತಿದ್ದಳು. ಅವನು ಹೇಳಿದ:

"ಅಕ್ಕಾ, ಒಂದು ಮಾತು. ದೊಡ್ಡದಕ್ಕೆ ದೊಡ್ಡದು ಹಾಕಬೇಡ. ಏರು ಬಂದ್ರೆ ಎಡಗೈದು ಚಿಕ್ಕದಕ್ಕೆ ಇಳಿಸ್ಕೋ, ಆಮೇಲೆ ಬಲಗೈದು."

"ಹ್ಞೂಂ."

"ಕೇಳಿಸ್ತಾ?"

"ಕಿವಿ ಇನ್ನೂ ಕೈಕೊಟ್ಟಿಲ್ಲ ಮಾರಾಯ."

ಐದು ದಿನ ಏನೂ ಆಗಲಿಲ್ಲ, ಯಾಕೆಂದರೆ ಐದು ದಿನ ಅಕ್ಕನಿಗೆ ಬೆಟ್ಟದ ಕರೆಯೇ ಬರಲಿಲ್ಲ. ಆರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನಿಂದ ಫೋನು ಬಂತು. ಕಲ್ಲು ಒಡೆಯುವ ಹುಡುಗಿಯೊಬ್ಬಳಿಗೆ ಚೊಚ್ಚಲು ಹೆರಿಗೆ ನೋವು. ಅಕ್ಕ ಕುಡಿಯುತ್ತಿದ್ದ ಚಹಾ ಬಿಟ್ಟು ಹೊರಟಳು.

ವಾಪಸ್ ಬಂದದ್ದು ಸಂಜೆ, ಸೈಕಲ್ ತಳ್ಳಿಕೊಂಡು, ಕುಂಟುತ್ತ. ಸೀರೆಯ ಅಂಚು ಹರಿದಿತ್ತು, ಮಂಡಿಯ ಹತ್ತಿರ ರಕ್ತ ಒಣಗಿತ್ತು. ತಮ್ಮ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ.

"ಕೊನೇ ತಿರುವಿಗೆ ಮುಂಚೆ ನಿನ್ನ ಹೊಸ ಗೇರಿಗೆ ಒತ್ತಿದೆ. ಟಪ್ ಅಂತು. ಗಾಲಿ ಕಚ್ಕೊಂಡು ನಿಂತುಬಿಡ್ತು, ನಾನು ಬಿದ್ದೆ. ಮಿಕ್ಕ ದಾರಿ ಹೆಂಗೆ ನಡೆದ್ನೋ." ಹರಿದ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡಳು. "ಮಗೂದು ಕಾಲು ಮೊದಲು ಬಂದಿತ್ತು ಕಣೋ. ತಲೆ ಸಿಕ್ಕೊಂಡಿತ್ತು. ಅಲ್ಲಿದ್ದ ಹೆಂಗಸರು ಎಳೆಯೋಕೂ ಹೆದರಿ, ಬಿಡೋಕೂ ಹೆದರಿ ಕೂತಿದ್ರು. ನಾನು ಹೋದಾಗ ಇನ್ನೂ ಬೆಚ್ಚಗಿತ್ತು."

ಅವನು ಅವಳ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟ.

"ನಾನೇ ಜೋರಾಗಿ ಒತ್ತಿಬಿಟ್ಟೆ ಅನ್ಸುತ್ತೆ," ಎಂದಳು ಅಕ್ಕ. "ಇಳಿದು ಮೊದಲೇ ತಳ್ಕೊಂಡು ಹೋಗಿದ್ರೂ ಅಷ್ಟೊತ್ತಿಗೆ ಸೇರ್ತಿದ್ದೆ. ಹಗುರ ಗೇರಿನ ಆಸೆ ನನಗೆ."

ಮರುದಿನ ಬೆಳಿಗ್ಗೆ ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ. ಡಿರೇಲರ್ ಬುಡಸಮೇತ ತಿರುಚಿಕೊಂಡು ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿತ್ತು. ಚೈನು ಹಿಂದೆ ನಲವತ್ತೆರಡರ ಮೇಲೆ, ಮುಂದೆ ಮೂವತ್ತಾರರ ಮೇಲೆ, ತಂತಿಯಂತೆ ಬಿಗಿದು ನಿಂತಿತ್ತು. ದೊಡ್ಡದಕ್ಕೆ ದೊಡ್ಡದು. ಮೊದಲು ಅವನಿಗೆ ಬಂದದ್ದು ಸಿಟ್ಟು. ಬಾಯಿಬಿಟ್ಟು ಹೇಳಿದ್ದೆನಲ್ಲ, ಹ್ಞೂಂ ಎಂದಿದ್ದಳಲ್ಲ ಎಂದು ಖಾಲಿ ಅಂಗಡಿಯಲ್ಲಿ ಗೊಣಗಿದ.

ಚೈನು ಬಿಚ್ಚುವಾಗ ಮತ್ತೆ ಆ ಚಿಕ್ಕ ಚಕ್ರ ಕಣ್ಣಿಗೆ ಬಿತ್ತು. ಕಪ್ಪು ಬಣ್ಣ, ಒಂದು ಗೀರೂ ಇಲ್ಲ. ಆರು ವರ್ಷ ಓಡಿದ ಸೈಕಲ್ಲಿನಲ್ಲಿ ಒಂದು ಚಕ್ರ ಹೀಗೆ ಹೊಸದಾಗಿ ಉಳಿಯಬೇಕಾದರೆ ಚೈನು ಒಂದು ದಿನವೂ ಅದರ ಮೇಲೆ ಓಡಿರಬಾರದು. ಊರವರ ಸೈಕಲ್ಲಿನಲ್ಲಿ ಇದನ್ನು ಕಂಡಿದ್ದರೆ ಯಾಕೆ ಎಂದು ಕೇಳುತ್ತಿದ್ದ. ಅಕ್ಕನದಾದ್ದರಿಂದ ಖುಷಿಪಟ್ಟಿದ್ದ.

ಸ್ಟ್ಯಾಂಡಿನಲ್ಲಿದ್ದ ಸೈಕಲ್ಲಿನ ಎಡಗೈ ಲಿವರನ್ನು ಹೆಬ್ಬೆರಳಿನಿಂದ ಒತ್ತಿದ. ಗಡುಸಾಗಿತ್ತು. ಅಲ್ಲಿಗೆ ಅವನ ಕೈ ನಿಂತಿತು.

ಗಿರಣಿಯ ಮುಷ್ಕರದ ದಿನ ಅಕ್ಕನಿಗೆ ಹದಿನೆಂಟು. ಕಾವಲಿನವರು ಗೇಟು ಮುಚ್ಚಲು ತಳ್ಳುತ್ತಿದ್ದಾಗ, ಒಳಗಿನ ಹೆಂಗಸರು ಹೊರಬರಲಿ ಎಂದು ಅವಳು ಸಂದಿಗೆ ಎಡಗೈ ಕೊಟ್ಟು ಹಿಡಿದುಕೊಂಡಿದ್ದಳು. ಮೂವತ್ತು ಜನ ಹೊರಬಂದರು, ಹೆಬ್ಬೆರಳು ಜಜ್ಜಿಹೋಯಿತು. ಮೂಳೆ ಕೂಡಿತು, ಬಲ ಬರಲಿಲ್ಲ. ಹಿಡಿಯಬಲ್ಲದು, ಒತ್ತಲಾರದು. ಆ ಬೆರಳಿಗೆ ಬಟ್ಟೆ ಸುತ್ತಿ ಕೊಟ್ಟವನು ಹತ್ತು ವರ್ಷದ ಈ ತಮ್ಮನೇ. ಆಮೇಲೆ ನಲವತ್ತು ವರ್ಷ ಅವಳು ಆ ಬೆರಳಿನ ಮಾತೆತ್ತಲಿಲ್ಲ, ಅವನು ಮರೆತ. ಬೆಟ್ಟದ ಸೈಕಲ್ ಕಟ್ಟುವಾಗ ಎಲ್ಲ ಚಕ್ರಗಳ ಹಲ್ಲನ್ನೂ ಎಣಿಸಿದ, ಅಕ್ಕನ ಬೆರಳನ್ನು ಎಣಿಸಲಿಲ್ಲ.

ಮುರಿದ ಡಿರೇಲರನ್ನು ಗುಜರಿ ಡಬ್ಬಿಯ ತಳಕ್ಕೆ ತಳ್ಳಿ ಮೇಲೆ ಹಳೆಯ ಟ್ಯೂಬು ಮುಚ್ಚಿದ. ಅಕ್ಕ ಕೇಳಿದಾಗ, "ಹಳೇ ಸಾಮಾನು, ಕೈಕೊಟ್ಟಿದೆ" ಎಂದ. ಸುಳ್ಳಲ್ಲ. ಅಂಥ ನಿಜ ಸುಳ್ಳಿಗಿಂತ ಕಡೆ.

ಆ ಹೆರಿಗೆಯಾದ ಎಂಟನೆಯ ದಿನ ಮೇಲಿನ ಕಚೇರಿಯಿಂದ ಕಾಗದ ಬಂತು. ಹೆರಿಗೆಗೆ ತಲುಪುವುದು ತಡವಾದ ಕಾರಣವನ್ನು ಮೂರು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಮಾರನೆಯ ಬೆಳಿಗ್ಗೆ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಉತ್ತರ ಬರೆದಿಟ್ಟು ತಲೆ ಬಾಚಲು ಹೋಗಿದ್ದಳು. ಅವನು ಓದಿದ. ನನ್ನ ಅಜಾಗರೂಕತೆಯಿಂದ ಸೈಕಲ್ ಕೆಟ್ಟು ತಡವಾಯಿತು, ತಪ್ಪು ನನ್ನದೇ. ಎರಡೇ ಸಾಲು. ಮೂವತ್ತು ವರ್ಷದಲ್ಲಿ ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಹಿಡಿದ ಕೈಯ ಎರಡು ಸಾಲು. ಈ ಕಾಗದ ಹೋದರೆ ಅವಳು ಸಾಯುವವರೆಗೆ ಅದನ್ನೇ ನಂಬಿಕೊಂಡಿರುತ್ತಾಳೆ. ತಡೆದರೆ, ಈ ಲೋಕದಲ್ಲಿ ತನ್ನ ಕೆಲಸವನ್ನು ಕಣ್ಣುಮುಚ್ಚಿ ನಂಬಿದವಳೊಬ್ಬಳು ಇಲ್ಲವಾಗುತ್ತಾಳೆ.

ಅಕ್ಕ ಬಂದು ಕಾಗದಕ್ಕೆ ಕೈಹಾಕಿದಳು.

"ಅಕ್ಕ, ಅದು ನಿನ್ನ ತಪ್ಪಲ್ಲ."

"ಸಮಾಧಾನ ಹೇಳಬೇಡ. ಹೊತ್ತಾಯ್ತು."

"ಸಮಾಧಾನ ಅಲ್ಲ. ಆ ಡಿರೇಲರ್ ನಲವತ್ತೆರಡಕ್ಕೆ ಆಗೋದಲ್ಲ. ಗೊತ್ತಿದ್ದೇ ಹಾಕಿದೆ. ಚೈನು ಗಿಡ್ಡ ಇತ್ತು, ಅದೂ ಗೊತ್ತಿತ್ತು. ಮುಂದೆ ದೊಡ್ಡದರಲ್ಲಿ ಇಟ್ಕೊಟ್ಟಿದ್ದು ನಾನೇ."

ಅಕ್ಕ ಕುರ್ಚಿ ಎಳೆದು ಕೂತಳು. ಅವನು ಗುಜರಿ ಡಬ್ಬಿಯಿಂದ ಆ ಸಾಮಾನನ್ನು ತಂದು ಮೇಜಿನ ಮೇಲಿಟ್ಟು, ಎಲ್ಲಿಂದ ಎಲ್ಲಿಗೆ ಚೈನು ಬಿಗಿಯಿತು, ಎಲ್ಲಿ ಕಿತ್ತಿತು ಎಂದು ತೋರಿಸಿದ. ಅವಳು ಸತ್ತವರ ಮೈ ನೋಡುವಂತೆ ಅದನ್ನು ತಿರುವಿ ನೋಡಿದಳು.

"ಎಡಗೈ ಲಿವರ್ ಒಂದು ದಿನನಾದ್ರೂ ಒತ್ತಿದ್ಯಾ?" ಎಂದ.

"ಮೊದಲ ವಾರ. ಬಲಗೈ ದಾಟಿಸಿ ಒತ್ತೋಕೆ ಹೋಗಿ ಮೋರಿಗೆ ಬಿದ್ದೆ. ಆಮೇಲೆ ಅದರ ಸುದ್ದಿಗೆ ಹೋಗ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಅರ್ಧ ವರ್ಷ ಕೂತು ಕಟ್ಟಿದ್ದೆ. ಇದು ನನ್ನ ಕೈಗಾಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಮೊನ್ನೆ ನೀನು ದೊಡ್ಡದಕ್ಕೆ ದೊಡ್ಡದು ಹಾಕಬೇಡ ಅಂದಾಗ, ನಾನು ಎಡಗಡೆದು ಮುಟ್ಟೋದೇ ಇಲ್ವಲ್ಲ, ಇದು ನನಗಲ್ಲ ಅಂದ್ಕೊಂಡೆ."

ಇಬ್ಬರೂ ಮೇಜಿನ ಮೇಲಿನ ಕಬ್ಬಿಣವನ್ನು ನೋಡುತ್ತ ಕೂತರು. ಹೊರಗೆ ಯಾರೋ ಪಂಪಿನಲ್ಲಿ ನೀರು ಹೊಡೆಯುತ್ತಿದ್ದರು.

"ಹೇಳೋಕೆ ಒಂಬತ್ತು ದಿನ ಬೇಕಾಯ್ತಾ?" ಎಂದಳು ಅಕ್ಕ.

"ಕಾಗದದಲ್ಲಿ ನನ್ನ ಹೆಸರು ಹಾಕು," ಎಂದ ಕೊನೆಗೆ.

"ಹಾಕಿದ್ರೆ ಅವರಿಗೆ ಹಬ್ಬ. ಜೀಪು ಬಿಟ್ಟು ನಿನ್ನ ಚೈನಿನ ಹಿಂದೆ ಬೀಳ್ತಾರೆ." ಅವಳು ಬರೆದದ್ದನ್ನು ಹರಿದು, ಬೇರೆ ಹಾಳೆಯಲ್ಲಿ ಬರೆದಳು. ಜೀಪು ನಾಲ್ಕು ವರ್ಷದಿಂದ ಇಟ್ಟಿಗೆಯ ಮೇಲಿರುವುದರಿಂದ ಸೈಕಲ್ಲಿನಲ್ಲಿ ಹೋದೆ, ಸೈಕಲ್ ಮುರಿಯಿತು, ಹನ್ನೊಂದು ಅರ್ಜಿಗಳ ನಕಲು ಲಗತ್ತಿಸಿದೆ. ಪೆನ್ನಿನ ಮುಚ್ಚಳ ಹಾಕುತ್ತ ಅವನ ಕಡೆ ನೋಡದೆಯೇ ಹೇಳಿದಳು: "ಕಚೇರಿಗೆ ನಿನ್ನ ತಪ್ಪು ಹೇಳೋದು ಬೇಡ. ಹೇಳಿಸ್ಕೊಳ್ಳಬೇಕಾದವಳು ಬೆಟ್ಟದ ಮೇಲಿದ್ದಾಳೆ. ಚಪ್ಪಲಿ ಹಾಕ್ಕೋ."

ಏಳು ಕಿಲೋಮೀಟರು ನಡೆದೇ ಹತ್ತಿದರು. ಅಕ್ಕ ಪ್ರತಿ ತಿರುವಿನಲ್ಲೂ ನಿಂತು ಮಂಡಿ ಹಿಡಿದುಕೊಳ್ಳುತ್ತಿದ್ದಳು. ಅವನು ತೋಳು ಕೊಟ್ಟರೆ ಬೇಡ ಎನ್ನುತ್ತಿದ್ದಳು. ತಗಡಿನ ಶೆಡ್ಡಿನ ನೆರಳಿನಲ್ಲಿ ಆ ಹುಡುಗಿ ಗೋಣಿಚೀಲದ ಮೇಲೆ ಕೂತಿದ್ದಳು. ಎದೆಹಾಲು ಬತ್ತಲೆಂದು ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಬಟ್ಟೆ ಎರಡು ಕಡೆ ಒದ್ದೆಯಾಗಿತ್ತು. ಇಪ್ಪತ್ತು ದಾಟಿರಲಿಕ್ಕಿಲ್ಲ.

ಅವನು ನಿಂತೇ ಹೇಳಿದ. ಸೈಕಲ್ ರಿಪೇರಿಯವನು ತಾನೇ ಎಂದ, ಆಗದ ಸಾಮಾನನ್ನು ಆಗುತ್ತದೆಂದು ಹಾಕಿದೆ ಎಂದ. ಹಲ್ಲು, ಚೈನು, ಲಿವರ್ ಎಂದೆಲ್ಲ ಬಾಯಿಗೆ ಬಂತು; ಹುಡುಗಿಯ ಮುಖ ನೋಡಿ ನುಂಗಿಕೊಂಡ. "ನಮ್ಮಕ್ಕ ತಡ ಮಾಡ್ಲಿಲ್ಲಮ್ಮ. ನಾನು ಮಾಡಿಸಿದೆ," ಎಂದು ಮುಗಿಸಿದ.

ಹುಡುಗಿ ಅವನನ್ನು ಬಿಟ್ಟು ಅಕ್ಕನನ್ನು ಕೇಳಿದಳು. "ಎಷ್ಟೊತ್ತಿಗೆ ಹೊರಟಿದ್ರಿ ಅಕ್ಕ?"

"ನಿನ್ನ ಗಂಡ ಫೋನಿಟ್ಟ ಕೂಡ್ಲೇ."

"ಕೂಡ್ಲೇನಾ?"

"ಚಹಾ ಲೋಟ ಅರ್ಧಕ್ಕೇ ಬಿಟ್ಟಿದ್ದೆ."

"ಬರಲ್ಲ ಅಂದ್ಕೊಂಡೆ," ಎಂದಳು ಹುಡುಗಿ. "ನಮ್ಮಂಥೋರಿಗೆ ಯಾರು ಬರ್ತಾರೆ ಅಂತ ಇವರೆಲ್ಲ ಅಂತಿದ್ರು. ನಾನೂ ಹಂಗೇ ಅಂದ್ಕೊಂಡು ನಿಮ್ಮನ್ನ ಬೈದೆ. ಬಾಯಿಗೆ ಬಂದ ಹಂಗೆ ಬೈದೆ."

ಅಕ್ಕ ಅವಳ ಪಕ್ಕ ಗೋಣಿಚೀಲದ ಮೇಲೆ ಕೂತು, ಬಟ್ಟೆ ಬಿಚ್ಚಿ ಎದೆ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡತೊಡಗಿದಳು. ತಮ್ಮ ಆಚೆ ತಿರುಗಿ ಕಲ್ಲಿನ ರಾಶಿಯ ಕಡೆ ಹೋಗಿ ನಿಂತ. ಹುಡುಗಿ ಅವನಿಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಆಗುತ್ತಿತ್ತು ಎನಿಸಿತು. ಬೈಗುಳ ಸಿಗುವುದಕ್ಕೂ ಎದುರಿನವರಿಗೆ ನೀನು ಏನಾದರೂ ಆಗಿರಬೇಕು.

ಕಚೇರಿಯಿಂದ ಜೀಪಿನ ಬಗ್ಗೆ ಉತ್ತರ ಬರಲಿಲ್ಲ, ಅಕ್ಕನ ಮೇಲೆ ಕ್ರಮವೂ ಬರಲಿಲ್ಲ. ಮಂಡಿ ಒಂದಿಷ್ಟು ಸುಧಾರಿಸಿದ ಮೇಲೆ ಒಂದು ದಿನ ಅವಳು ಸೈಕಲ್ಲನ್ನು ತಾನೇ ತಳ್ಳಿಕೊಂಡು ಬಸ್ ನಿಲ್ದಾಣದ ಹಿಂದಿನ ಅಂಗಡಿಗೆ ಹೋದಳು. ಅಲ್ಲಿಯವನು ಹಿಂದಿನದು ಮುಂದಿನದು ಎಲ್ಲ ಬದಲಿಸಿದನಂತೆ. ತಮ್ಮನಿಗೆ ಹೇಳಿ ಹೋಗಲಿಲ್ಲ, ಬಚ್ಚಿಟ್ಟೂ ಹೋಗಲಿಲ್ಲ. ಮನೆಯಲ್ಲಿ ಮೊದಲಿನಂತೆ ತಟ್ಟೆ ಇಡುತ್ತಾಳೆ, ಮೊದಲಿನಂತೆ ಜಗಳ ಆಡುತ್ತಾಳೆ, ಅವನ ಅಂಗಿಯ ಗುಂಡಿ ಹೊಲಿಯುತ್ತಾಳೆ. ಸೈಕಲ್ಲಿನ ಮಾತು ಮಾತ್ರ ಇಬ್ಬರ ನಡುವೆ ಬರುವುದಿಲ್ಲ.

ವಾರಕ್ಕೊಮ್ಮೆ ಬೆಟ್ಟಕ್ಕೆ ಹೊರಡುವಾಗ ಅಂಗಡಿಯ ಮುಂದೆ ನಿಲ್ಲಿಸುತ್ತಾಳೆ. ಇಳಿಯುವುದಿಲ್ಲ, ಒಂದು ಕಾಲು ನೆಲಕ್ಕೆ ಕೊಟ್ಟು ನಿಲ್ಲುತ್ತಾಳೆ.

"ಗಾಳಿ ಹಾಕು."

ಅವನು ಪಂಪು ತಂದು ಕೂತು ಹಾಕುತ್ತಾನೆ. ಕಣ್ಣೆದುರಿಗೇ ಕ್ಯಾಸೆಟ್ ಇರುತ್ತದೆ. ಎಣಿಸುವುದಿಲ್ಲ.

"ಹಿಂದಿನದಕ್ಕೂ ಹಾಕ್ಲಾ?"

"ಹಾಕು," ಎನ್ನುತ್ತಾಳೆ ಅಕ್ಕ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಲು ಅವನು ಕೈ ಚಾಚುವಷ್ಟರಲ್ಲಿ, ತಾನೇ ಬಗ್ಗಿ ಬಲಗೈಯಿಂದ ಒತ್ತಿ ನೋಡಿ, "ಸಾಕು" ಎಂದು ಪೆಡಲು ತುಳಿಯುತ್ತಾಳೆ.